ಮಗ್ಗದ ಮನೆಯಿಂದ ಮೂವತ್ತೊಂದು ಮೆಸೇಜು

ಫೋನಿನಲ್ಲಿ ಯಾರಾದರೂ ಹೆಬ್ಬೆರಳಿನ ಚಿತ್ರ ಕಳಿಸಿದರೆ ನನಗೆ ಇವತ್ತಿಗೂ ಕಸಿವಿಸಿಯಾಗುತ್ತದೆ. ಮೊನ್ನೆ ನಮ್ಮ ಬೀದಿಯ ಗ್ರೂಪಿನಲ್ಲಿ ಒಬ್ಬರು, ನಾಳೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕರೆಂಟ್ ಇರುವುದಿಲ್ಲ ಎಂದು ಹಾಕಿದರು. ಹಾಕಿದ ಎರಡು ನಿಮಿಷದಲ್ಲಿ ಹನ್ನೆರಡು ಜನ ಹೆಬ್ಬೆರಳು ಎತ್ತಿದರು. ನಮ್ಮದು ದೊಡ್ಡಬಳ್ಳಾಪುರ, ಬೀದಿಗೆ ಬೀದಿಯೇ ಮಗ್ಗ ನಂಬಿಕೊಂಡಿರುವ ಊರು. ಇಡೀ ದಿನ ಕೈಕಟ್ಟಿ ಕೂರಬೇಕೆಂಬ ಸುದ್ದಿಗೆ ಈ ಹೆಬ್ಬೆರಳಿನ ಅರ್ಥವೇನು? ಸಂತೋಷವೇ, ಸಿಟ್ಟೇ, ಆಯಿತು ನೋಡಿದೆ ಬಿಡು ಎಂದೇ? ನಾನು ಹೀಗೆ ತಲೆ ಕೆಡಿಸಿಕೊಂಡು ಕೂತರೆ ನನ್ನ ಹೆಂಡತಿ ಪವಿತ್ರ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾಳೆ. ಅವಳಿಗೇನು, ನಗುತ್ತಾಳೆ. ಕಳಿಸಿದವಳು ಅವಳು, ಕಾದವನು ನಾನು.

ನಮ್ಮ ತಾತ ಹೆಬ್ಬೆಟ್ಟು ಒತ್ತುತ್ತಿದ್ದವರು. ರಾಜಘಟ್ಟದ ಹತ್ತಿರ ಅವರಿಗೆ ಎರಡು ಎಕರೆ ಹೊಲವಿತ್ತು. ತಾಲ್ಲೂಕು ಕಚೇರಿಯಲ್ಲಿ ಎಲ್ಲಿ ಒತ್ತು ಎಂದರೆ ಅಲ್ಲಿ ಒತ್ತಿ, ಬೆರಳಿನ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡು ಎದ್ದು ಬರುತ್ತಿದ್ದರು. ಒತ್ತಿದರೆ ಮುಗಿಯಿತು, ಅದರ ಅರ್ಥವೇನಿರಬಹುದೆಂದು ಯಾರೂ ನಿದ್ದೆಗೆಡಬೇಕಾಗಿರಲಿಲ್ಲ. ಅಪ್ಪ ಹೊಲ ಬಿಟ್ಟು ಪೇಟೆಗೆ ಬಂದು ಮನೆಯ ಹಿಂದೆ ಶೀಟು ಹೊದಿಸಿ ನಾಲ್ಕು ಪವರ್‌ಲೂಮ್ ಹಾಕಿದರು. ನಾನು ಹುಟ್ಟಿದ್ದು ಆ ಸದ್ದಿನೊಳಗೆ. ತೊಟ್ಟಿಲು ತೂಗುವ ಅಗತ್ಯವೇ ಇರಲಿಲ್ಲವಂತೆ, ಮಗ್ಗಗಳ ಹೊಡೆತಕ್ಕೆ ಅದು ತಾನಾಗಿಯೇ ಅಲ್ಲಾಡುತ್ತಿತ್ತು ಎಂದು ಅಮ್ಮ ಹೇಳುತ್ತಾಳೆ. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು.

ಮಗ್ಗದ ಮನೆಯವರಿಗೆ ಎರಡೇ ಥರದ ಮಾತು ಗೊತ್ತು. ಒಂದು ಕೈಸನ್ನೆ, ಇನ್ನೊಂದು ಕಿರುಚಾಟ. ಅಮ್ಮ ಬಾಗಿಲಲ್ಲಿ ನಿಂತು ಐದು ಬೆರಳು ಕೂಡಿಸಿ ಬಾಯಿಗೆ ತೋರಿಸಿದರೆ ಊಟ. ಕೈಯನ್ನು ಕಿವಿಗೆ ಹಿಡಿದರೆ ಯಾರದೋ ಫೋನು. ಇದರಲ್ಲಿ ಹೇಳಲಾಗದ್ದೇನಾದರೂ ಇದ್ದರೆ ಕಿವಿಗೆ ಬಾಯಿಟ್ಟು ಕಿರುಚಬೇಕು. ಒಮ್ಮೆ ಚಿಕ್ಕಮ್ಮ ಹಾಗೆಯೇ ಅಮ್ಮನ ಕಿವಿಗೆ ಬಾಯಿಟ್ಟು, ಎದುರುಮನೆಯವರು ಮಗಳ ಮದುವೆಗೆ ಹಾಕಿದ ಒಡವೆಯ ಗುಟ್ಟು ಬಿಚ್ಚುತ್ತಿದ್ದಳು. "ಎಲ್ಲಾ ಗಿಲೀಟು ಕಣಕ್ಕಾ!" ಎನ್ನುವುದಕ್ಕೂ ಕರೆಂಟ್ ಹೋಗುವುದಕ್ಕೂ ಸರಿಹೋಯಿತು. ನಾಲ್ಕೂ ಮಗ್ಗ ನಿಂತವು, ಬೀದಿಯ ಮಗ್ಗಗಳೆಲ್ಲ ನಿಂತವು, ಚಿಕ್ಕಮ್ಮನ ಮಾತೊಂದು ನಿಲ್ಲಲಿಲ್ಲ. ಎದುರುಮನೆಯವರು ಎರಡು ವರ್ಷ ನಮ್ಮನ್ನು ಮಾತಾಡಿಸಲಿಲ್ಲ. ಶಾಲೆಯಲ್ಲಿ ನಾನು ಎದ್ದು ಉತ್ತರ ಹೇಳಿದರೆ ಮೇಷ್ಟ್ರು ಕಿವಿ ಮುಚ್ಚಿಕೊಂಡು, "ಲೋ, ಪಕ್ಕದ ಕ್ಲಾಸಿಗೆ ನಾನು ಪಾಠ ಮಾಡ್ತಿಲ್ಲ" ಎನ್ನುತ್ತಿದ್ದರು. ನಾನು ಮೆಲ್ಲಗೇ ಮಾತಾಡಿದ್ದೆ ಎಂದೇ ಆಗ ನನ್ನ ನಂಬಿಕೆ.

ಇಂಥ ಮನೆಗೆ ಪವಿತ್ರ ಬಂದಳು. ಶಿವಗಂಗೆ ಬೆಟ್ಟದ ಬುಡದಲ್ಲಿ, ಊರಿನಿಂದ ಆಚೆ ತೋಟದ ಮನೆ ಅವಳದು. ಅಲ್ಲಿ ಹೊಂಗೆ ಎಲೆ ಉದುರಿದರೂ ಕೇಳಿಸುತ್ತದೆ. ಎರಡೂ ಕಡೆಯವರು ನೋಡಿ, ಒಪ್ಪಿ, ವೈಶಾಖದಲ್ಲಿ ಮದುವೆ ಮಾಡಿದರು. ಎರಡು ತಿಂಗಳು ಅವಳು ನಮ್ಮ ಮನೆಯಲ್ಲಿ ಹೆಚ್ಚಾಗಿ ಕಣ್ಣಲ್ಲೇ ಮಾತಾಡಿದಳು. ಅವಳ ಗಂಟಲು ಹೇಗಿದೆಯೆಂದು ನನಗೆ ಸರಿಯಾಗಿ ಗೊತ್ತಾಗುವ ಮೊದಲೇ ಆಷಾಢ ಬಂತು. ಹೊಸದಾಗಿ ಮದುವೆಯಾದ ಹೆಣ್ಣು ಮೊದಲ ಆಷಾಢದಲ್ಲಿ ಅತ್ತೆಯ ಜೊತೆ ಒಂದೇ ಸೂರಿನಡಿ ಇರಬಾರದು, ಗಂಡ ಹೆಂಡತಿ ಮುಖ ನೋಡಬಾರದು ಎಂಬುದು ನಮ್ಮ ಕಡೆಯ ಪದ್ಧತಿ. ಇದಕ್ಕೆ ಕಾರಣ ಏನೆಂದು ಅಜ್ಜಿಯನ್ನು ಕೇಳಿದರೆ, ಎಂಬತ್ತರ ಆ ಮುದುಕಿ ನಾಚಿಕೊಂಡು ಗೋಡೆ ಕಡೆ ತಿರುಗುತ್ತಿದ್ದಳು.

ಅವಳು ತವರಿಗೆ ಹೊರಡುವ ಹಿಂದಿನ ದಿನ ಒಂದು ಪ್ರಸಂಗ ನಡೆಯಿತು. ಮಗ್ಗಗಳು ಓಡುತ್ತಿದ್ದವು. ಪವಿತ್ರ ಟೀ ಲೋಟ ಹಿಡಿದು ನನ್ನ ಹಿಂದೆ ಬಂದು ನಿಂತಿದ್ದಳು. ತಿರುಗಿ ನೋಡಿದರೆ ಅವಳ ಸೆರಗು ಮೋಟಾರಿನ ಬೆಲ್ಟಿನ ಪಕ್ಕ ಗೇಣು ದೂರದಲ್ಲಿ ಹಾರಾಡುತ್ತಿದೆ. ಸಿಕ್ಕಿಹಾಕಿಕೊಂಡರೆ ಏನಾಗುತ್ತದೆಂದು ನೋಡಿ ಬೆಳೆದವನು ನಾನು. ಅವಳ ರಟ್ಟೆ ಹಿಡಿದು ಈಚೆಗೆಳೆದು, "ಬುದ್ಧಿ ಇಲ್ವಾ ನಿಂಗೆ?" ಎಂದು ಕೂಗಿದೆ. ಟೀ ನೆಲದ ಮೇಲೆ ಚೆಲ್ಲಿತು. ಕೆಲಸದವರು ನಾಲ್ವರೂ ತಿರುಗಿ ನೋಡಿದರು. ಅವಳ ಮುಖ ಬಿಳಿಚಿಕೊಂಡಿತು. ಲೋಟ ಎತ್ತಿಕೊಂಡು ಒಳಗೆ ಹೋದಳು. ಮರುದಿನ ಬೆಳಿಗ್ಗೆ ಅವಳ ತಮ್ಮ ಕಿರಣ ಕಾರು ತಂದು ಕರೆದುಕೊಂಡು ಹೋದ. ಹೆದರಿಕೆಗೆ ಕೂಗಿದೆ, ಸಿಟ್ಟಿಗಲ್ಲ ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ಸುತ್ತ ಜನ, ಬುಟ್ಟಿ, ಬಾಳೆಗೊನೆ, ಅಮ್ಮನ ಉಪಚಾರ. ಕಾರು ತಿರುವು ದಾಟುವಾಗ ಅವಳು ಹಿಂದೆ ನೋಡುತ್ತಾಳೇನೋ ಎಂದು ನಿಂತಿದ್ದೆ. ನೋಡಲಿಲ್ಲ.

ಫೋನಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ನಮ್ಮ ಅಪ್ಪನ ಕಾಲದ ಆಷಾಢದಲ್ಲಿ ಕಾಗದ ಬರೆದರೆ ತಲುಪುವಷ್ಟರಲ್ಲಿ ಶ್ರಾವಣ ಬರುತ್ತಿತ್ತು, ನಮಗೇನು ಕಷ್ಟ? ಎರಡನೆಯ ದಿನವೇ ವಿಡಿಯೋ ಕಾಲ್ ಮಾಡಿದೆ. ಅವಳ ಮುಖ ಇನ್ನೂ ಅರ್ಧ ಮೂಡಿತ್ತು, ಹಿಂದಿನಿಂದ ಅಜ್ಜಿ ಬಂದಳು.

"ಯಾರ್ಲಾ ಅದು?"

"ಪವಿತ್ರ ಅಜ್ಜಿ."

"ಆಷಾಢದಲ್ಲಿ ಮುಖ ನೋಡ್ಬಾರ್ದು ಕಣೋ!"

"ಇದು ಫೋನು ಅಜ್ಜಿ."

"ಫೋನಾದ್ರೇನು, ಮುಖ ಅವಳ್ದೇ ಅಲ್ವಾ?"

ಅಜ್ಜಿ ಫೋನ್ ಕಿತ್ತು ರಾಗಿ ಡಬ್ಬದ ಮೇಲೆ ಮಕಾಡೆ ಮಲಗಿಸಿದಳು. ಆಕಡೆಯಿಂದ ಪವಿತ್ರ ಎಷ್ಟು ಹೊತ್ತು ಡಬ್ಬದ ಮುಚ್ಚಳ ನೋಡಿದಳೋ ಗೊತ್ತಿಲ್ಲ.

ಮರುದಿನ ಬರೀ ಕಾಲ್ ಮಾಡಿದೆ. ಅವಳ ಮನೆಯ ಹಾಲಿನಲ್ಲಿ ಎಲ್ಲರೂ ಕೂತಿದ್ದರೆಂದು ಕಾಣುತ್ತದೆ. "ಊಟ ಆಯ್ತಾ?" ಎಂದೆ. ಮಾವನವರು ಫೋನ್ ಇಸಿದುಕೊಂಡು, "ಅಳಿಯಂದ್ರೇ, ಎಲ್ಲಾ ಕ್ಷೇಮ ತಾನೇ? ಯಾಕೆ ಹಂಗೆ ಕೂಗ್ತಿದೀರ?" ಎಂದು ಗಾಬರಿಯಿಂದ ಕೇಳಿದರು. ಸ್ವಲ್ಪ ಹೊತ್ತಿಗೆ ಅವಳಿಂದ ಒಂದು ಸಾಲು ಬಂತು: "ಕಾಲ್ ಮಾಡ್ಬೇಡಿ, ಎಲ್ಲಾ ಇರ್ತಾರೆ. ಮೆಸೇಜ್ ಮಾಡಿ."

ಮೆಸೇಜ್ ಮಾಡಲು ಕೂತರೆ ನನ್ನ ಬೆರಳು ಒಂದು ಅಕ್ಷರ ಒತ್ತಲು ಹೋಗಿ ಮೂರು ಒತ್ತುತ್ತಿತ್ತು. ಬರೆದದ್ದನ್ನು ಓದಿದರೆ ಸೊಸೈಟಿಗೆ ಕೊಟ್ಟ ಅರ್ಜಿಯಂತಿರುತ್ತಿತ್ತು. ಹೇಳಬೇಕಾದದ್ದನ್ನು ಬಾಯಲ್ಲೇ ಹೇಳಿ ರೆಕಾರ್ಡ್ ಮಾಡಿ ಕಳಿಸುವುದೇ ಸರಿ ಎಂದುಕೊಂಡೆ. ಆದರೆ ಎಲ್ಲಿ ಕೂತು ಹೇಳುವುದು? ನಡುಮನೆಯಲ್ಲಿ ಅಜ್ಜಿ, ಅಡಿಗೆಮನೆಯಲ್ಲಿ ಅಮ್ಮ, ಜಗುಲಿಯಲ್ಲಿ ಅಪ್ಪ, ತಾರಸಿಗೆ ಹೋದರೆ ಹಪ್ಪಳ ಒಣಗಿಸುವ ಚಿಕ್ಕಮ್ಮ. ಎಷ್ಟು ಮಾತಾಡಿದರೂ ಒಬ್ಬರಿಗೂ ಕೇಳಿಸದ ಜಾಗ ನಮ್ಮ ಮನೆಯಲ್ಲಿ ಒಂದೇ ಒಂದು. ಮಗ್ಗದ ಶೆಡ್ಡು. ಮೂರನೆಯ ಮಗ್ಗದ ಹಿಂದೆ ನೂಲಿನ ಚೀಲಗಳ ಮೇಲೆ ಕೂತು, ಫೋನನ್ನು ತುಟಿಗೆ ತಾಗಿಸಿ, ಮನಸ್ಸು ಬಿಚ್ಚಿದೆ.

ಮೊದಲ ದಿನ ಕ್ಷಮೆ ಕೇಳಿದೆ. ಬೆಲ್ಟಿನ ಕಥೆ ಹೇಳಿದೆ. ಕಣ್ಣು ಒದ್ದೆಯಾಯಿತು. ಕಳಿಸಿದೆ. ಅವಳು ಕೇಳಿಸಿಕೊಂಡಿದ್ದಾಳೆ ಎಂದು ಫೋನು ನೀಲಿ ಬಣ್ಣದಲ್ಲಿ ಸಾರಿತು. ಐದು ನಿಮಿಷ ಕಾದೆ, ಹತ್ತು ನಿಮಿಷ ಕಾದೆ. ಬಂದದ್ದು ಒಂದು ಹೆಬ್ಬೆರಳು.

ನೀವೇ ಹೇಳಿ, ಕಣ್ಣೀರಿಟ್ಟು ಕ್ಷಮೆ ಕೇಳಿದವನಿಗೆ ಹೆಬ್ಬೆರಳು ತೋರಿಸಿದರೆ ಅವನು ಏನೆಂದು ತಿಳಿಯಬೇಕು? ಕ್ಷಮಿಸಿದಳೇ? ಕ್ಷಮಿಸಿದ್ದರೆ ಒಂದು ಮಾತು ಬರೆಯಬಹುದಿತ್ತಲ್ಲ. ಕ್ಷಮಿಸಿಲ್ಲವೇ? ಹಾಗಿದ್ದರೆ ಹೆಬ್ಬೆರಳು ಯಾಕೆ? ಮರುದಿನ ಇನ್ನೊಂದು ಕಳಿಸಿದೆ. ನನ್ನ ಬಾಲ್ಯ, ನಮ್ಮ ಮನೆಯ ಗದ್ದಲ, ನನ್ನ ಗಂಟಲಿನ ದೋಷ ಎಲ್ಲವನ್ನೂ ಹೇಳಿಕೊಂಡೆ. ಹೆಬ್ಬೆರಳು. ನೀನಿಲ್ಲದೆ ಮನೆ ಹೇಗಿದೆ ಎಂದು ಹೇಳಿದೆ, ಇದನ್ನು ಹೇಳುವಾಗ ಮೂರನೆಯ ಮಗ್ಗದ ಶಿವಣ್ಣ ಏನೋ ನೆನಪಾಗಿ ನಕ್ಕಿದ್ದಕ್ಕೆ ನಾಚಿಕೆಯಿಂದ ಬೆವತುಹೋದೆ. ಅದಕ್ಕೂ ಹೆಬ್ಬೆರಳು. ಅವಳಿಂದ ಬರೆದ ಸಾಲು ಬಂದರೆ ಅದೂ "ಊಟ ಆಯ್ತಾ", "ಅಜ್ಜಿ ಹೆಂಗಿದಾರೆ" ಇಷ್ಟೇ. ನಾನು ಎದೆ ತೋಡಿಕೊಂಡದ್ದರ ಬಗ್ಗೆ ಒಂದಕ್ಷರವಿಲ್ಲ.

ನನ್ನ ಧ್ವನಿಯನ್ನು ನಾನೇ ತಿರುಗಿ ಕೇಳುವ ಧೈರ್ಯ ನನಗಿರಲಿಲ್ಲ. ಮದುವೆಯ ವಿಡಿಯೋದಲ್ಲಿ ಒಮ್ಮೆ ಕೇಳಿ ಸಾಕಾಗಿತ್ತು.

ನಯಾಜ್‌ಗೆ ಹೇಳಿಕೊಂಡೆ. ನಮ್ಮ ಮಗ್ಗಗಳ ಮೆಕ್ಯಾನಿಕ್ ಅವನು, ಹತ್ತನೇ ಕ್ಲಾಸಿನವರೆಗೆ ನನ್ನ ಪಕ್ಕದಲ್ಲಿ ಕೂತವನು. ನನಗಿಂತ ಐದು ವರ್ಷ ಮೊದಲು ಮದುವೆಯಾದವನಾದ್ದರಿಂದ ಈ ವಿಷಯದಲ್ಲಿ ಅವನ ಮಾತಿಗೆ ಬೆಲೆಯಿತ್ತು. ಮಗ್ಗದ ಕೆಳಗೆ ಮಲಗಿಕೊಂಡೇ ಹೇಳಿದ: "ಗುರು, ಹೆಬ್ಬೆರಳಲ್ಲಿ ಎರಡು ಥರ. ಒಂದು, ಆಯ್ತು ಅಂತ. ಇನ್ನೊಂದು, ಸಾಕು ನಿಲ್ಸು ಅಂತ."

"ಇದು ಯಾವ್ದು?"

"ನನ್ ಹೆಂಡ್ತಿ ಕಳ್ಸಿದ್ರೆ ಎರಡ್ನೇದು. ನಿನ್ ಕಡೆದು ಹೊಸಾದಲ್ವಾ, ಹೇಳಕ್ಕಾಗಲ್ಲ. ಆ ಸ್ಪ್ಯಾನರ್ ಕೊಡು."

ಅದೇ ವಾರ ಚಿಕ್ಕಮ್ಮ ಇನ್ನೊಂದು ಸುದ್ದಿ ತಂದಳು. ಹಿಂದಿನ ಬೀದಿಯ ಹುಡುಗನ ಹೆಂಡತಿ ಹೋದ ವರ್ಷ ಆಷಾಢಕ್ಕೆಂದು ಹೋದವಳು ಶ್ರಾವಣಕ್ಕೂ ಬರಲಿಲ್ಲ, ದಸರೆಗೂ ಬರಲಿಲ್ಲವಂತೆ. "ಫೋನಲ್ಲಿ ಚೆನ್ನಾಗೇ ಮಾತಾಡ್ತಿದ್ಳಂತೆ ಕಣಪ್ಪಾ," ಎಂದಳು. ಚೆನ್ನಾಗಿ ಮಾತಾಡುತ್ತಿದ್ದವಳೇ ಬರಲಿಲ್ಲ ಎಂದ ಮೇಲೆ ಬರೀ ಹೆಬ್ಬೆರಳು ಕಳಿಸುವವಳ ಗತಿ? ಕೆಲಸ ಮಾಡುವಾಗ ಎಳೆ ಕಡಿದಿದ್ದು ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ, ಒಂದು ಸೀರೆಯ ಅಂಚು ಮೊಳದುದ್ದ ಹಾಳಾಯಿತು. ಕೈ ಸುಮ್ಮನಿದ್ದಾಗೆಲ್ಲ ಫೋನು ತೆಗೆದು, ಅವಳು ಕೊನೆಯ ಸಲ ಎಷ್ಟು ಗಂಟೆಗೆ ನೋಡಿದ್ದಳೆಂದು ನೋಡುತ್ತಿದ್ದೆ. ಬೆಳಿಗ್ಗೆ ಆರು ಹತ್ತಕ್ಕೆ ನೋಡಿದ್ದಾಳೆ. ನನಗೆ ಏನೂ ಕಳಿಸಿಲ್ಲ. ಹಾಗಾದರೆ ಆರು ಹತ್ತಕ್ಕೆ ಯಾರಿಗೆ ಕಳಿಸಿದಳು? ಇಂಥ ಕೊಳಕು ಯೋಚನೆ ನನಗೆ ಬಂತೆಂದು ಹೇಳಲು ಈಗ ಮುಜುಗರವಾಗುತ್ತದೆ. ಬಂದದ್ದು ನಿಜ.

ಆಷಾಢ ಮುಗಿಯಲು ವಾರವಿರುವಾಗ ತಡೆಯಲಾಗಲಿಲ್ಲ. ಚೀಲದ ಮೇಲೆ ಕೂತು ಕೇಳಿಯೇಬಿಟ್ಟೆ: "ಪವಿತ್ರ, ನಿಂಗೆ ಈ ಮನೆ, ಈ ಸದ್ದು, ನಾನು, ಯಾವ್ದೂ ಹಿಡಿಸ್ದೆ ಇದ್ರೆ ಬಲವಂತ ಇಲ್ಲ. ವಾಪಸ್ ಬರಕ್ಕೆ ಇಷ್ಟ ಇಲ್ಲ ಅಂದ್ರೂ ಹೇಳ್ಬಿಡು. ಅಮ್ಮಂಗೆ ನಾನು ಹೆಂಗೋ ಹೇಳ್ಕೊತೀನಿ." ಬೆರಳು ತೆಗೆದೆ, ಮೆಸೇಜು ಹೋಯಿತು. ಹೋದ ಕ್ಷಣವೇ ಅಳಿಸಬೇಕೆನ್ನಿಸಿತು. ಅಷ್ಟರಲ್ಲಿ ನೀಲಿಯಾಗಿಬಿಟ್ಟಿತ್ತು. ಹಿಂದೆಯೇ ಬಂತು ಹೆಬ್ಬೆರಳು.

ಆ ಹೊತ್ತು ಶೆಡ್ಡಿನೊಳಗೆ ನಾಲ್ಕೂ ಮಗ್ಗ ಓಡುತ್ತಿದ್ದವಂತೆ. ನನಗೆ ಒಂದೂ ಕೇಳಿಸಲಿಲ್ಲ.

ಆಮೇಲೂ ಕಳಿಸಿದೆ. ಹಾಗಲ್ಲ, ನಾನು ಹೇಳಿದ್ದರ ಅರ್ಥ ಬೇರೆ ಎಂದು, ಅದನ್ನು ತಿದ್ದಲು ಇನ್ನೊಂದು, ಇನ್ನೊಂದನ್ನು ತಿದ್ದಲು ಮತ್ತೊಂದು. ಒಟ್ಟು ಮೂವತ್ತೊಂದಾದವು. ಮೂವತ್ತೊಂದನೆಯದಕ್ಕೆ ಹೆಬ್ಬೆರಳೂ ಬರಲಿಲ್ಲ. ಹೋಗಿದೆ ಎನ್ನುವ ಒಂಟಿ ಗೆರೆಯ ಗುರುತು ಬಿತ್ತು, ತಲುಪಿದೆ ಎನ್ನುವ ಎರಡನೆಯದು ಬೀಳಲಿಲ್ಲ. ಒಂದು ದಿನವಾಯಿತು, ಎರಡು ದಿನವಾಯಿತು. ಕಾಲ್ ಮಾಡಿದರೆ ಸ್ವಿಚ್ ಆಫ್. ಮಾವನವರಿಗೆ ಮಾಡೋಣವೆಂದರೆ ಏನೆಂದು ಕೇಳಲಿ? ನಿಮ್ಮ ಮಗಳು ನನ್ನನ್ನು ಬಿಟ್ಟಳೇ ಎಂದು ಕೇಳಲೇ?

ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಬೈಕು ತೆಗೆದೆ. "ಎಲ್ಲಿಗ್ಲಾ?" ಎಂದಳು ಅಜ್ಜಿ. ಶಿವಗಂಗೆಗೆ, ದೇವರಿಗೆ ಎಂದೆ. ಅಜ್ಜಿ ನನ್ನ ಮುಖವನ್ನೇ ನೋಡಿ, "ಇನ್ನೆರಡು ದಿನ ತಡ್ಕೊಳ್ಳಕ್ಕಾಗಲ್ವಾ ದೇವ್ರಿಗೆ?" ಎಂದಳು. ದಾಬಸ್‌ಪೇಟೆ ರಸ್ತೆಯಲ್ಲಿ ಗಾಳಿ ಎದುರಿನಿಂದ ನೂಕುತ್ತಿತ್ತು. ಲಾರಿಗಳ ಹಿಂದೆ ಹೋಗುತ್ತ, ಅವಳ ಮನೆ ಬಾಗಿಲಲ್ಲಿ ನಿಂತು ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ. ಆದರೆ ಬೆಟ್ಟದ ಬುಡಕ್ಕೆ ಬಂದು, ತೋಟದ ದಾರಿ ಕಂಡದ್ದೇ ತಡ, ಬೈಕು ನಿಲ್ಲಿಸಿಬಿಟ್ಟೆ. ಆಷಾಢದಲ್ಲಿ ಅಳಿಯ ಬಾಗಿಲಿಗೆ ಬಂದು ನಿಂತರೆ ಅವರಾದರೂ ಏನೆಂದುಕೊಳ್ಳಬೇಕು? ಹಣ್ಣುಕಾಯಿ ಕೊಂಡು ಸೋಡಾ ಅಂಗಡಿಯ ಬೆಂಚಿನ ಮೇಲೆ ಕೂತೆ. ಕೋತಿಯೊಂದು ಬಂದು ಬಾಳೆಹಣ್ಣನ್ನು ಕೈಯಿಂದ ಕಿತ್ತುಕೊಂಡು ನನ್ನೆದುರೇ ಸುಲಿದು ತಿಂದಿತು. ಸುಮ್ಮನೆ ನೋಡುತ್ತ ಕೂತಿದ್ದೆ.

"ಭಾವ! ನೀವೇನಿಲ್ಲಿ?" ಸ್ಕೂಟರು ನಿಲ್ಲಿಸಿ ಕಿರಣ ಕೇಳಿದ.

"ದೇವ್ರಿಗೆ ಬಂದಿದ್ದೆ."

"ಬೆಟ್ಟ ಹತ್ತಲ್ವಾ?"

"ಹತ್ತಿ ಇಳ್ದೆ," ಎಂದೆ. ಒಡೆಯದ ತೆಂಗಿನಕಾಯಿ ಕೈಯಲ್ಲೇ ಇತ್ತು.

ಅವನು ಜೇಬಿನಿಂದ ಪವಿತ್ರಳ ಫೋನು ತೆಗೆದ. "ನಿಮ್ಮಿಂದ ಮೂರು ದಿನದಿಂದ ಅಲೀತಿದೀನಿ ನೋಡಿ. ನೀವು ಕಳ್ಸಿದ್ದು ಒಂದೂ ಕೇಳಲ್ಲ ಭಾವ. ಬರೀ ಟಕಟಕ ಟಕಟಕ. ಒಳಗೆಲ್ಲೋ ನಿಮ್ ಗಂಟ್ಲು ಇದ್ದಂಗಿದೆ, ಒಂದು ಮಾತೂ ಹತ್ತಲ್ಲ. ಸ್ಪೀಕರ್ ಹೋಗಿದೆ ಅಂತ ನಾನೇ ದಾಬಸ್‌ಪೇಟೇಲಿ ಹೊಸದು ಹಾಕಿಸ್ದೆ, ಅದೇ ಟಕಟಕ. ನೆಲಮಂಗಲಕ್ಕೆ ತಗೊಂಡೋದೆ. ಅವನು ಅಂಗಡಿ ಮುಂದೆ ದೊಡ್ಡ ಬಾಕ್ಸಿಗೆ ಹಾಕಿ ಹತ್ತು ಜನರ ಮುಂದೆ ಕೇಳಿಸ್ದ. ಆಮೇಲೆ ಹೇಳ್ತಾನೆ, ಫೋನು ಸರಿಯಾಗೈತೆ ಕಣಪ್ಪಾ, ಕಳ್ಸಿರೋರು ಮಿಲ್ಲಿನೊಳಗೆ ಕೂತ್ಕೊಂಡು ಮಾತಾಡವ್ರೆ ಅಂತ."

ಹತ್ತು ಜನರ ಮುಂದೆ ಎಂದಾಗ ಕಿವಿ ಬಿಸಿಯಾಯಿತು. ಒಂದು ಮಾತೂ ಹತ್ತಲ್ಲ ಎಂದದ್ದು ನೆನಪಾಗಿ ಉಸಿರು ಬಂತು. ಅದರ ಹಿಂದೆಯೇ ನಿಜವಾದ ಹೆದರಿಕೆ ಬಂತು. ನನ್ನ ಕ್ಷಮೆ ಅವಳಿಗೆ ತಲುಪಿಯೇ ಇಲ್ಲ. ಒಂದು ತಿಂಗಳಲ್ಲಿ ನನ್ನ ಬಾಯಿಂದ ಅವಳು ಕೇಳಿದ್ದು ಎರಡೇ ಮಾತು. "ಬುದ್ಧಿ ಇಲ್ವಾ ನಿಂಗೆ" ಮತ್ತು "ಊಟ ಆಯ್ತಾ". ಎರಡನ್ನೂ ಕೂಗಿದ್ದೆ.

"ನಿಮ್ಮಕ್ಕ ಏನಂದ್ಲು?" ಎಂದು ಕೇಳಿದೆ.

"ನೀವು ಸಿಟ್ಟಾಗಿ ಮಾತು ಬಿಟ್ಟು, ಬರೀ ಮಗ್ಗದ ಸದ್ದು ಕಳಿಸ್ತಿದೀರ ಅನ್ಕೊಂಡಿದ್ಳು. ಏನು ಬರೆದ್ರೆ ಏನಾಗುತ್ತೋ ಅಂತ ಹೆದರ್ಕೊಂಡು ಅದೊಂದು ಬೆರಳು ಹಾಕ್ತಿದ್ಳು. ಮನೆಗೆ ಬನ್ನಿ ಭಾವ."

ಹೋಗಲಿಲ್ಲ. ತೆಂಗಿನಕಾಯಿ ಅವನ ಕೈಗೆ ಕೊಟ್ಟು ವಾಪಸು ಹೊರಟೆ. ದಾರಿಯಲ್ಲಿ ಮರದಡಿ ಬೈಕು ನಿಲ್ಲಿಸಿ, ಕಾಲು ಗಂಟೆ ಬೆರಳಾಡಿಸಿ, "ಸಿಟ್ಟಿಲ್ಲ. ಬಾ, ಮಾತಾಡೋಣ" ಎಂದು ಟೈಪು ಮಾಡಿ ಕಳಿಸಿದೆ. ಉತ್ತರವಾಗಿ ಏನು ಬಂತೆಂದು ನಿಮಗೆ ಬೇರೆ ಹೇಳಬೇಕಿಲ್ಲ.

ಶ್ರಾವಣದ ಎರಡನೆಯ ದಿನ ಕಿರಣ ಅವಳನ್ನು ತಂದು ಬಿಟ್ಟ. ಬಂದದ್ದಕ್ಕೆ ಅರ್ಧ ಜೀವ ಬಂತು. ಬಂದದ್ದು ಇರಲಿಕ್ಕೋ, ಹೇಳಿ ಹೋಗಲಿಕ್ಕೋ ಗೊತ್ತಿಲ್ಲದೆ ಇನ್ನರ್ಧ ಹಾಗೇ ನಿಂತಿತ್ತು. ಮರುದಿನ ಬೆಳಿಗ್ಗೆ ಕರೆಂಟ್ ಹೋಯಿತು. ಕೆಲಸದವರು ಎದ್ದು ಹೊರಗೆ ಬೇವಿನ ಮರದಡಿ ಹೋದರು. ನಾನು ಕಡಿದ ಎಳೆ ಕಟ್ಟುತ್ತ ಒಬ್ಬನೇ ಇದ್ದೆ. ಪವಿತ್ರ ಟೀ ತಂದು ಬೆಲ್ಟಿನಿಂದ ಮಾರು ದೂರದಲ್ಲಿ ನಿಂತಳು. ಬೆಲ್ಟು ಓಡುತ್ತಿರಲಿಲ್ಲ, ಆದರೂ ಅಷ್ಟು ದೂರ.

"ರೀ, ಆ ಮೂವತ್ತೊಂದು ಮೆಸೇಜಲ್ಲಿ ಏನಿತ್ತು?"

"ಏನಿಲ್ಲ, ಹಂಗೇ. ಊಟ ಆಯ್ತಾ ಅಂತ."

"ಮೂವತ್ತೊಂದು ಸಲಾನಾ?"

ಗಂಟಲು ತಗ್ಗಿಸಲು ನೋಡಿದೆ. ತಗ್ಗಿಸಿದರೆ ಮಾತೇ ಹೊರಡುತ್ತಿರಲಿಲ್ಲ. "ಆವತ್ತು ನಿನ್ ಸೆರಗು ಬೆಲ್ಟಿಗೆ ಸಿಕ್ತು ಅನ್ಕೊಂಡೆ. ಹೆದರ್ಕೊಂಡು ಕೂಗ್ಬಿಟ್ಟೆ. ಎಲ್ಲರ ಮುಂದೆ ಹಂಗನ್ಬಾರ್ದಿತ್ತು."

"ಹೆದರ್ಕೊಂಡ್ರಾ?" ಅವಳು ನನ್ನನ್ನು ಮೊದಲ ಸಲ ನೋಡುವಂತೆ ನೋಡಿದಳು. "ಆಮೇಲೆ?"

"ಆಮೇಲೆ... ನಿಂಗೆ ಇಲ್ಲಿರಕ್ಕೆ ಇಷ್ಟನಾ ಅಂತ ಕೇಳಿದ್ದೆ. ಇಷ್ಟ ಇಲ್ದಿದ್ರೂ ಹೇಳು ಅಂದಿದ್ದೆ."

ಫೋನಿನಲ್ಲಾಗಿದ್ದರೆ ಉತ್ತರ ಬರುವವರೆಗೆ ಎದ್ದು ಎತ್ತಲಾದರೂ ಹೋಗಬಹುದಿತ್ತು. ಇಲ್ಲಿ ಅವಳ ಮುಖ ನೋಡುತ್ತಲೇ ನಿಂತಿರಬೇಕಾಯಿತು. ಕೈಯಲ್ಲಿದ್ದ ಟೀ ಲೋಟವನ್ನು ಮಗ್ಗದ ಮೇಲಿಟ್ಟೆ.

"ನೋಡಕ್ಕೆ ಬಂದಾಗ ನಿಮ್ಮಮ್ಮ ಅಡಿಗೆ ಬರುತ್ತಾ ಅಂತ ಕೇಳಿದ್ರು," ಎಂದಳು. "ನಮ್ಮಪ್ಪ ದಿನ ಯಾವತ್ತು ಇಟ್ಕೊಳ್ಳಣ ಅಂದ್ರು. ಇಷ್ಟನಾ ಅಂತ ನನ್ನನ್ನ ಯಾರೂ ಕೇಳ್ಲಿಲ್ಲ. ನೀವೂ ಕೇಳಿರ್ಲಿಲ್ಲ." ನೆಲದ ಮೇಲೆ ಬಿದ್ದಿದ್ದ ಎಳೆಯೊಂದನ್ನು ಎತ್ತಿ ಬೆರಳಿಗೆ ಸುತ್ತಿಕೊಂಡಳು. "ಇನ್ನೂ ಗೊತ್ತಿಲ್ಲ ಕಣ್ರೀ. ಕೇಳಿದ್ರಲ್ಲ, ಇರ್ತೀನಿ. ಇದ್ದು ನೋಡಿ ಹೇಳ್ತೀನಿ."

ಇದಾಗಿ ಆರು ವರ್ಷವಾಯಿತು. ಮಗಳಿಗೆ ನಾಲ್ಕು ತುಂಬಿತು, ಅವಳೂ ಮೆಲ್ಲಗೆ ಮಾತಾಡುವುದನ್ನು ಕಲಿತಿಲ್ಲ. ವರ್ಷಕ್ಕೊಮ್ಮೆ, ಶ್ರಾವಣ ಬಂದ ಮೇಲೆ, ಕರೆಂಟ್ ಇಲ್ಲದ ಹೊತ್ತು ನೋಡಿಕೊಂಡು ಹೋಗಿ ನಾನು ಪವಿತ್ರಳನ್ನು ಆ ಪ್ರಶ್ನೆ ಕೇಳುತ್ತೇನೆ. ಅವಳು ತಮಾಷೆ ಮಾಡುವುದಿಲ್ಲ. ಕೈಯಲ್ಲಿರುವ ಕೆಲಸ ಬಿಟ್ಟು ನಿಜವಾಗಿಯೂ ಯೋಚಿಸುತ್ತಾಳೆ. ಆಗ ನನ್ನ ಎದೆ ಹೊಡೆದುಕೊಳ್ಳುವುದು ನನಗೇ ಕೇಳಿಸುತ್ತದೆ.

"ಇನ್ನೊಂದು ವರ್ಷ ನೋಡ್ತೀನಿ," ಎನ್ನುತ್ತಾಳೆ.